ನಲವತ್ತೇಳನೇ ಪುಟದ ಪದ್ಮಾವತಿ

"ಮೇಡಂ, ನಿಮ್ಮ ಪದ್ಮಾವತಿ ಆರಾಮದಾಳೇನ್ರಿ?"

ಹಿಂದಿನಿಂದ ಬಂದ ಈ ಮಾತಿಗೆ ಅಂಬಿಕಾ ನಗುತ್ತಲೇ ತಿರುಗಿದಳು. ಯಾರು ಮಾತಾಡಿಸಿದರೂ ನಗು ಬರುವ ದಿನವದು. ಲಿಂಗಸುಗೂರಿನ ಕಾಲೇಜೊಂದರಲ್ಲಿ 'ಯೋಜನೆಗಳ ನಿರ್ವಹಣೆ ಮತ್ತು ಸಮಾಜದ ಮೇಲೆ ಅವುಗಳ ಪರಿಣಾಮ' ಎಂಬ ವಿಚಾರ ಸಂಕಿರಣ ನಡೆದಿತ್ತು. ಪ್ರಬಂಧಗಳನ್ನೆಲ್ಲ ಕೂಡಿಸಿ ಅಚ್ಚು ಹಾಕಿಸಿದ ಪುಸ್ತಕ ಆಗಷ್ಟೇ ಬಿಡುಗಡೆಯಾಗಿತ್ತು. ಅದರಲ್ಲಿ ಹದಿನೈದು ಪುಟ ಅವಳವೇ. ಸಿಂಧನೂರಿನಲ್ಲಿ ಏಳು ವರ್ಷದಿಂದ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಿದ್ದವಳು ಅವಳು. ಏಳು ವರ್ಷ ಉಳಿದವರನ್ನು ಯಾರಾದರೂ ಅತಿಥಿ ಎನ್ನುತ್ತಾರೆಯೇ? ನಮ್ಮ ಕಾಲೇಜುಗಳು ಎನ್ನುತ್ತವೆ. ಪಿಎಚ್.ಡಿ. ಒಂದು ಕೈಗೆ ಬಂದರೆ ಆ ಪಟ್ಟ ಕಳಚೀತೆಂದು ಅವಳು ನಾಲ್ಕು ವರ್ಷ ಬಿಸಿಲಲ್ಲಿ ಹಳ್ಳಿಹಳ್ಳಿ ತಿರುಗಿದ್ದಳು.

ತಿರುಗಿ ನೋಡಿದರೆ ನಿಂತಿದ್ದವನು ನಿಂಗರಾಜ. ಆ ದಿನದ ಊಟದ ದಾನಿ, ವೇದಿಕೆಯ ಮೇಲೆ ಮೂರನೇ ಕುರ್ಚಿಯ ಗಣ್ಯ, ಮತ್ತು ಹನ್ನೆರಡು ಹಳ್ಳಿಗಳಿಗೆ ಕಾಲುವೆಯ ನೀರನ್ನು ಶುದ್ಧ ಮಾಡಿ ಕುಡಿಯಲು ಕೊಡುವ ಯೋಜನೆಯ ಗುತ್ತಿಗೆದಾರ. ಅಂಬಿಕಾ ಅಧ್ಯಯನ ಮಾಡಿದ್ದು ಅದೇ ಯೋಜನೆಯನ್ನು. ಅವನನ್ನು ಕರೆದಿದ್ದವರು ಕಾಲೇಜಿನವರು. ಪುಸ್ತಕದಲ್ಲಿ ಏನಿದೆಯೆಂದು ಅವರು ನೋಡಿರಲಿಲ್ಲ, ಅವನು ಓದಿಯಾನೆಂದು ಯಾರೂ ಎಣಿಸಿರಲಿಲ್ಲ. ಇಂಥ ಪುಸ್ತಕಗಳನ್ನು ಬರೆದವರೇ ಎರಡನೇ ಸಲ ಓದುವುದಿಲ್ಲ. ಆದರೆ ನಿಂಗರಾಜ ಭಾಷಣಗಳ ಹೊತ್ತಿನಲ್ಲಿ ಬೇಸರ ಕಳೆಯಲು ಓದಿದ್ದ. ಅವನ ತೋರುಬೆರಳು ಇನ್ನೂ ಪುಟಗಳ ನಡುವೆ ಸಿಕ್ಕಿಕೊಂಡಿತ್ತು.

"ಚಲೋ ಬರದೀರಿ," ಎಂದ ಮೆಲ್ಲಗೆ. "ಹೆಸರು ಬದಲಿ ಮಾಡೀವಿ ಅಂತ ಕೆಳಗ ಸಣ್ಣಕ್ಷರದಾಗ ಹಾಕೀರಿ. ಶಾಣ್ಯಾರದೀರಿ. ಆದ್ರ ಮೇಡಂ, ನಂದು ಹನ್ನೆರಡು ಊರು. ನೀರು ಬಿಡಾಕ ಹನ್ನೆರಡು ಮಂದಿ ಅದಾರ. ಅದರಾಗ ಹನ್ನೊಂದು ಮಂದಿಗೆ ಮೀಸಿ ಅದಾವ."

ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡ. "ಊಟ ಮಾಡಿ ಹೋಗ್ರಿ. ಹೋಳಿಗಿ ಮಾಡ್ಸೀನಿ," ಎಂದು ಕೈಮುಗಿದು ಹೊರಟ.

ಅಂಬಿಕಾ ಅವಸರದಲ್ಲಿ ತನ್ನ ಪ್ರತಿ ತೆಗೆದು ನಲವತ್ತೇಳನೇ ಪುಟ ನೋಡಿದಳು. 'ಪದ್ಮಾವತಿ, ಐವತ್ತೆರಡು ವರ್ಷ. ಈ ಯೋಜನೆಯಲ್ಲಿ ನೀರು ಬಿಡುವ ಏಕೈಕ ಮಹಿಳೆ.' ಆ 'ಏಕೈಕ'ವನ್ನು ಬರೆದ ದಿನ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು! ಅಧ್ಯಯನಕ್ಕೆ ಒಂದು ಕಳೆ ಬಂತು ಅಂದುಕೊಂಡಿದ್ದಳು. ಹೆಸರು ಮುಚ್ಚಿದಳು, ಊರು ಮುಚ್ಚಿದಳು, ಮುಚ್ಚಬೇಕಾದ್ದನ್ನೇ ಬಯಲಿಗಿಟ್ಟಳು. ಓದಿದವರ ದಡ್ಡತನಕ್ಕೆ ಮದ್ದಿಲ್ಲ ನೋಡಿ.

ಪದ್ಮಾವತಿ ಎಂದರೆ ಎಕ್ಕಿಹಾಳದ ಮೈಮುನಾಬಿ. ಬಳಗಾನೂರು ದಾಟಿ ಕಾಲುವೆಯ ಏರಿ ಹಿಡಿದು ಹೋದರೆ ಆ ಊರು. ಅಲ್ಲಿನ ಪಂಪ್‌ಹೌಸಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಲಕ್ವಾ ಹೊಡೆದು ಮಲಗಿದ ಗಂಡ ಜಂಗ್ಲಿಸಾಬನ ಜೊತೆ ಅವಳ ಬಾಳು. ಕೆಲಸವೂ ಕೋಣೆಯೂ ನಿಂಗರಾಜನ ಮರ್ಜಿಯವು. ಆಕೆಗಿಂತ ಮೊದಲು ನರಸಣ್ಣ ಎಂಬುವನು ನೀರು ಬಿಡುತ್ತಿದ್ದ. ಫಿಲ್ಟರು ಕೆಟ್ಟಿದೆ, ಮಂದಿಗೆ ಹಸಿ ಕಾಲುವೆ ನೀರೇ ಹೋಗುತ್ತಿದೆ ಎಂದು ಅವನು ಪಂಚಾಯ್ತಿ ಸಭೆಯಲ್ಲಿ ಎದ್ದು ನಿಂತು ಹೇಳಿದ. ಅದಾದ ಹದಿನೈದು ದಿನಕ್ಕೆ ಪಂಪ್‌ಹೌಸಿನ ಮೋಟರು ಕಾಣೆಯಾಯಿತು. ಕಳವಿನ ಕೇಸು ನರಸಣ್ಣನ ತಲೆಗೆ ಬಂತು. ನಾಲ್ಕು ತಿಂಗಳು ಒಳಗಿದ್ದು ಬಂದವನು ಊರನ್ನೇ ಬಿಟ್ಟ, ಈಗ ಮಸ್ಕಿಯಲ್ಲಿ ಹಮಾಲಿ ಮಾಡುತ್ತಾನೆ. ಆಮೇಲೆ ಆ ಕೆಲಸಕ್ಕೆ ಊರಿನ ಗಂಡಸರು ಯಾರೂ ಮುಂದೆ ಬರಲಿಲ್ಲ. ಬಂದವಳು ಮೈಮುನಾಬಿ. ಮಲಗಿದ ಗಂಡನ ಔಷಧಕ್ಕೆ ಹೆದರಿಕೆಯ ಲೆಕ್ಕ ಎಲ್ಲಿಂದ ಬರಬೇಕು?

ಅಂಬಿಕಾ ಆಕೆಯ ಬಾಯಿ ಬಿಡಿಸಲು ಆರು ಸಲ ಹೋಗಿದ್ದಳು. ಆರನೇ ಸಲ ಆಕೆ ಹೇಳಿದಳು. ತಾನು ಬಂದ ಎರಡು ವರ್ಷದಲ್ಲಿ ಫಿಲ್ಟರು ಒಂದು ದಿನವೂ ನಡೆದಿಲ್ಲ, 'ಶುದ್ಧೀಕರಿಸಿದ ನೀರು ಬಿಡಲಾಗಿದೆ' ಎಂಬ ಪುಸ್ತಕಕ್ಕೆ ದಿನಾ ಸಹಿ ಮಾಡುವವಳು ತಾನೇ, ಹೋದ ಮಳೆಗಾಲದಲ್ಲಿ ಊರಿನ ಕೂಸುಗಳಿಗೆ ವಾಂತಿ-ಭೇದಿ ಶುರುವಾದಾಗ ಮೂರು ದಿನ ತನಗೆ ಅನ್ನ ಇಳಿಯಲಿಲ್ಲ ಎಂದು. ನಲವತ್ತೊಂದು ನಿಮಿಷದ ಮಾತು ಅಂಬಿಕಾಳ ಮೊಬೈಲಿನಲ್ಲಿತ್ತು. ರಿಕಾರ್ಡ್ ಹಚ್ಚುವ ಮೊದಲು ಅವಳು ಆಕೆಯ ಕೈಹಿಡಿದು, "ಚಾಚಿ, ಯಾರಿಗೂ ಗೊತ್ತಾಗಂಗಿಲ್ಲ. ನಂದು ಜವಾಬ್ದಾರಿ," ಎಂದಿದ್ದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಚ್ಚಾದ ಮಾತಿನ ಬಗ್ಗೆ ಹಿರಿಯರು ಏನೂ ಹೇಳಿಹೋಗಿಲ್ಲ.

ಅವಳು ಓಡಿದ್ದು ತನ್ನ ಮಾರ್ಗದರ್ಶಕರ ಬಳಿಗೆ. ಡಾ. ಅಮರಯ್ಯ ಎಂದರೆ ಆ ಸೀಮೆಯ ಓದಿದ ಮಂದಿಯಲ್ಲಿ ನೆಟ್ಟಗೆ ನಿಂತ ಮನುಷ್ಯ. ಶಾಸಕರ ಅಳಿಯ ಕಾಪಿ ಹೊಡೆದಾಗ ಅವನನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದವರು, ಅದಕ್ಕಾಗಿ ಎರಡು ವರ್ಗಾವಣೆ ಉಂಡವರು. ಆಧಾರವಿಲ್ಲದ ಒಂದು ಸಾಲನ್ನೂ ಅವರು ದಾಟಲು ಬಿಡುತ್ತಿರಲಿಲ್ಲ.

"ಸರ್, ನಿಂಗರಾಜಗ ಗೊತ್ತಾಗ್ಯಾದ್ರಿ. ಹೇಳಿದಾಕಿ ಯಾರು ಅಂತ."

ಅಮರಯ್ಯ ಮುಂದಿನ ಗೋಷ್ಠಿಯ ಚೀಟಿ ಓದುತ್ತಿದ್ದರು. "ಗೊತ್ತಾಗ್ಲಿ ಬಿಡಮ್ಮಾ. ನಾವು ಬರದಿದ್ದು ಖರೇ ಐತಿ. ಆಧಾರ ಐತಿ. ಖರೇ ಬರದೋರು ಯಾಕ ಹೆದರಬೇಕು?"

"ಹೆದರಿಕಿ ನಮಗಲ್ರೀ ಸರ್..." ಎನ್ನುವಷ್ಟರಲ್ಲಿ ಯಾರೋ ಬಂದು ಅವರನ್ನು ವೇದಿಕೆಗೆ ಕರೆದೊಯ್ದರು.

ಮೈಮುನಾಬಿಗೆ ಫೋನು ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸ್ವಿಚ್ ಆಫ್. ಊಟದ ಮನೆಯಿಂದ ತುಪ್ಪದ ವಾಸನೆ ಬರುತ್ತಿತ್ತು. ಅಲ್ಲಿ ಇಣುಕಿ ನೋಡಿದಳು. ಎಲ್ಲರ ಎಲೆಗೂ ಹೋಳಿಗೆ ಬಿದ್ದಿತ್ತು, ಹಾಕಿಸಿದವನು ಮಾತ್ರ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಮಸ್ಕಿಯವರೆಗಿನ ದಾರಿ ಆ ದಿನ ಉದ್ದವಾಗುತ್ತಲೇ ಹೋಯಿತು. ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಊರಿನವರ ಯೋಗಕ್ಷೇಮ ಕೇಳುವ ಜಾತಿಯವನು. ಯಾರೋ ಮುದುಕಿಯ ಜೋಳದ ಚೀಲ ಹತ್ತಿಸಲು ಐದು ನಿಮಿಷ ನಿಂತರೆ ಅಂಬಿಕಾಳಿಗೆ ಅಳು ಬಂದಂತಾಯಿತು. ಕಣ್ಣು ಮುಚ್ಚಿದರೆ ಪಂಪ್‌ಹೌಸಿನ ಸಂಪು ಕಾಣುತ್ತಿತ್ತು. ಎರಡು ಆಳು ಆಳ, ಮುಚ್ಚಳವಿಲ್ಲ. 'ಕಾಲು ಜಾರಿ ಬಿದ್ದು ಮಹಿಳೆ ಸಾವು' ಎಂದು ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲು ಬಂದರೆ ಯಾರು ಕೇಳುತ್ತಾರೆ? ಛೇ, ಬಿಡ್ತು ಅನ್ನು, ಎಂದು ತನ್ನನ್ನು ತಾನೇ ಬೈದುಕೊಂಡಳು. ಮತ್ತೆ ಅದೇ ಸಂಪು.

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬಳಗಾನೂರಿನ ಬಸ್ಸಿಗೆ ಕಾಯುವಾಗ ಎದುರಿನ ರಸ್ತೆಯಲ್ಲಿ ನಿಂಗರಾಜನದರಂಥ ಬಿಳಿ ಜೀಪೊಂದು ಹೋಯಿತು. ನಂಬರು ನೋಡುವಷ್ಟರಲ್ಲಿ ಲಾರಿ ಅಡ್ಡ ಬಂತು. ನಮ್ಮ ಕಡೆ ಬಿಳಿ ಜೀಪುಗಳಿಗೇನು ಬರವೇ? ಆದರೂ ಅವಳು ಆ ರಸ್ತೆಯನ್ನೇ ನೋಡುತ್ತ ನಿಂತಳು. ಬ್ಯಾಗಿನ ಬಾಟಲಿ ತೆಗೆದು ನೀರು ಕುಡಿದಳು. ಅಂಗಡಿಯಲ್ಲಿ ಕೊಂಡ ನೀರು. ನಾಲ್ಕು ವರ್ಷ ಹನ್ನೆರಡು ಹಳ್ಳಿ ತಿರುಗುವಾಗ ಒಂದು ದಿನವೂ ಅವಳು ಆ ಊರುಗಳ ನೀರು ಕುಡಿದವಳಲ್ಲ. ಅದು ಈಗ ನೆನಪಾಗಿ ನಾಚಿಕೆಯಾಯಿತು.

ಬಳಗಾನೂರಿನಿಂದ ಎಕ್ಕಿಹಾಳಕ್ಕೆ ಟಂಟಂ ಆಟೋ ಹಿಡಿದಳು. ಎರಡೂ ಕಡೆ ಭತ್ತದ ಗದ್ದೆ, ನಾಟಿಗೆ ಬಗ್ಗಿದ ಹೆಂಗಸರ ಸಾಲು, ಪಕ್ಕದಲ್ಲಿ ಮಣ್ಣುಬಣ್ಣದ ತುಂಬಿದ ಕಾಲುವೆ. ಅರ್ಧ ದಾರಿಯಲ್ಲಿ ಆ ಬಿಳಿ ಜೀಪು ಎದುರಿಗೆ ಬಂತು. ಏರಿಯ ಇಕ್ಕಟ್ಟಿನಲ್ಲಿ ಟಂಟಂ ಬದಿಗೆ ನಿಂತಿತು. ಡ್ರೈವರನ ಪಕ್ಕದಲ್ಲಿ ನಿಂಗರಾಜ. ಅವಳನ್ನು ಕಂಡು ಕಿಟಕಿಯಿಂದಲೇ ಕೈಮುಗಿದ, ಬೆಳಿಗ್ಗೆ ಮುಗಿದಷ್ಟೇ ವಿನಯದಿಂದ. ಜೀಪು ಸಿಂಧನೂರಿನ ದಾರಿ ಹಿಡಿಯಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅಂಬಿಕಾ ಉಳಿದ ದಾರಿಯಲ್ಲಿ ಒಂದೇ ಮಾತನ್ನು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳು: ಬದುಕಿರಲಿ, ಬದುಕಿದ್ದರೆ ಸಾಕು.

ಪಂಪ್‌ಹೌಸಿಗೆ ಬೀಗ. ಪಕ್ಕದ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ನಳದ ಕಟ್ಟೆಯ ಮೇಲೆ ಖಾಲಿ ಕೊಡ ಇಟ್ಟುಕೊಂಡು ಗದ್ದೆಮ್ಮ ಎಂಬ ಮುದುಕಿ ಸಂಜೆಯ ನೀರಿಗೆ ಪಾಳಿ ಹಿಡಿದಿದ್ದಳು.

"ಮೈಮುನಾಬಿ ಎಲ್ಲದಾಳಬೇ?"

"ಒಳಗದಾಳ. ಸಾವುಕಾರ್ರು ಬಂದು ಹೋದಾಗಿಂದ ಬಾಗಲಾ ತಗಿಯವಲ್ಲಳು." ಗದ್ದೆಮ್ಮ ದನಿ ತಗ್ಗಿಸಿದಳು. "ನೀ ಏನರ ಬರದೀಯೇನ ತಂಗಿ, ಪೇಪರಿನ್ಯಾಗ?"

ಅಂಬಿಕಾ ಬಾಗಿಲು ಬಡಿದಳು. ಸದ್ದಿಲ್ಲ. "ಚಾಚಿ, ನಾನ್ರಿ, ಅಂಬಿಕಾ," ಎಂದಳು. ಒಳಗಿನಿಂದ ಜಂಗ್ಲಿಸಾಬನ ಕೆಮ್ಮು ಕೇಳಿತು, ಆಮೇಲೆ ಏನೂ ಇಲ್ಲ. ಅವಳು ಎರಡೂ ಅಂಗೈಯಿಂದ ಬಾಗಿಲು ಬಡಿಯತೊಡಗಿದಳು. ಕೊನೆಗೆ ಅಗುಳಿ ಸರಿದ ಸದ್ದಾಯಿತು.

ಮೈಮುನಾಬಿ ನಿಂತಿದ್ದಳು. ಮೈಮೇಲೆ ಗಾಯವಿಲ್ಲ, ಕಣ್ಣಲ್ಲಿ ನೀರಿಲ್ಲ, ತಲೆಯ ಸೆರಗು ಎಂದಿನಂತೆ ಇತ್ತು. ಅಂಬಿಕಾಳಿಗೆ ಒಮ್ಮೆಲೆ ಅಳು ನುಗ್ಗಿ ಬಂತು.

"ಅಳಾಕ ಬಂದೀರೇನ್ರಿ?" ಎಂದಳು ಮೈಮುನಾಬಿ. "ಒಳಗ ಬರ್ರಿ. ಮಂದಿ ನೋಡಾಕತ್ತಾರ."

ಕೋಣೆಯಲ್ಲಿ ಮಂಚದ ಮೇಲೆ ಜಂಗ್ಲಿಸಾಬ್ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಮೈಮುನಾಬಿ ಚಾಪೆ ಹಾಸಲಿಲ್ಲ, ಚಹಾದ ಮಾತೆತ್ತಲಿಲ್ಲ. ಆರು ಸಲ ಬಂದಾಗಲೂ ಎರಡನ್ನೂ ಮರೆಯದವಳು.

"ಅವ ಹೊಡಿಲಿಲ್ಲ, ಬಡಿಲಿಲ್ಲ," ಎಂದಳು. "ಚಾಚಿ ಅಂತಾನೇ ಕರದ. ನಿಮ್ಮಂಗ. ಒಂದು ಕಾಗದ ತಂದಿದ್ದ, ಓದಿ ಹೇಳಿದ. ಈ ಮೇಡಂಗ ನಾ ಏನೂ ಹೇಳಿಲ್ಲ, ಅವರೇ ಕಟ್ಟಿ ಬರದಾರ, ಫಿಲ್ಟರ್ ದಿನಾ ನಡಸ್ತೀನಿ. ಮತ್ತ ಪಂಪ್‌ಹೌಸಿನ ಮೋಟರು, ಕೇಬಲ್ಲು ಎಲ್ಲಾ ನನ್ನ ಸುಪರ್ದಿಗೆ ಅದಾವ ಅಂತ ಬರದಿತ್ತು. ಸಹಿ ಮಾಡೀನಿ."

"ಮೋಟರಿನ ಮಾತು ಯಾಕ ಬರದಾನ..." ಎಂದು ಶುರು ಮಾಡಿದ ಅಂಬಿಕಾ ಅಲ್ಲಿಗೇ ನಿಂತಳು. ಕಾರಣ ಇಬ್ಬರಿಗೂ ಗೊತ್ತಿತ್ತು. ನರಸಣ್ಣನಿಂದಲೂ ಇಂಥದೇ ಕಾಗದ ಬರೆಸಿಕೊಂಡಿದ್ದರು.

"ನಾ ಬಾಯಿ ಮುಚ್ಚಿಕೊಂಡಿದ್ರ ಅದು ಪೊಲೀಸರ ತನಕ ಹೋಗಂಗಿಲ್ಲ ಅಂದ. ಮತ್ತೊಂದು ಮಾತು ಕೇಳಿದ, ಆ ಮೇಡಂ ನಿನ್ನ ದನಿ ಹಿಡಕೊಂಡಾರೇನು ಅಂತ. ಖುರಾನ್ ಮ್ಯಾಲ ಆಣಿ ಮಾಡಿ ಇಲ್ಲ ಅಂದೆ." ಅವಳು ಅಂಬಿಕಾಳ ಬ್ಯಾಗಿನ ಕಡೆ ಕೈ ತೋರಿದಳು. "ಐವತ್ತೆರಡು ವರ್ಷಕ್ಕ ಸುಳ್ಳ ಆಣಿ ಮಾಡಿದೆ. ಈಗ ಅದನ್ನ ಅಳಸ್ರಿ. ನನ್ನ ಕಣ್ಣೆದುರಿಗೆ."

ಅಂಬಿಕಾ ಮೊಬೈಲು ತೆಗೆದಳು. ಕೈ ಹಾಗೇ ನಿಂತಿತು. ಮೈಮುನಾಬಿಯ ಸಹಿಯ ಕಾಗದ ವಿಶ್ವವಿದ್ಯಾಲಯಕ್ಕೆ ಹೋದರೆ, ಸುಳ್ಳು ಬರೆದವಳು ಎಂದು ತನ್ನ ಪಿಎಚ್.ಡಿ. ಮಣ್ಣುಪಾಲು. ಅವಳ ಪಾಲಿಗಿದ್ದ ಸಾಕ್ಷಿ ಆ ನಲವತ್ತೊಂದು ನಿಮಿಷ ಒಂದೇ. ನಾಲ್ಕು ವರ್ಷದ ಬಿಸಿಲು, ಏಳು ವರ್ಷದ ಅತಿಥಿತನ ಎಲ್ಲ ಆ ಒಂದು ರಿಕಾರ್ಡಿನ ಮೇಲೆ ಕೂತಿತ್ತು.

"ಹೆದರಿಕಿ ಬರಾಕತ್ತೇತೇನ್ರಿ?" ಎಂದಳು ಮೈಮುನಾಬಿ, ಅವಳ ಮುಖವನ್ನೇ ನೋಡುತ್ತ.

"ಹೌದ್ರಿ ಚಾಚಿ."

"ನಾ ಎರಡು ವರ್ಷದಿಂದ ಇದರಾಗ ಅದೀನಿ. ದಿನಾ ಆ ಪುಸ್ತಕಕ್ಕ ಸಹಿ ಮಾಡೋ ಮುಂದ. ನಿಮಗ ಇವತ್ತು ಮೊದಲನೇ ದಿನ."

ಅಂಬಿಕಾ ಒತ್ತಿದಳು. ಖಾಯಂ ಆಗಿ ಅಳಿಸಬೇಕೇ ಎಂದು ಮೊಬೈಲು ಕೇಳಿತು. ಹೌದು ಎಂದಳು. ಪರದೆಯನ್ನು ಮೈಮುನಾಬಿಯ ಕಡೆ ತಿರುಗಿಸಿ ತೋರಿಸಿದಳು. ಇಷ್ಟಾದರೂ ಸರಿಯಾಗಿ ಮಾಡಿದೆ ಅಂದುಕೊಂಡಳು.

ಮೈಮುನಾಬಿ ಮೂಲೆಯ ಕೊಡದಿಂದ ನೀರು ತಂದು ಕೊಟ್ಟಳು. ಅಂಬಿಕಾ ತಂಬಿಗೆ ಎತ್ತಿ ಕುಡಿದಳು. ಮಣ್ಣಿನ ರುಚಿ. ಪೂರ್ತಿ ಕುಡಿದಳು.

"ಮತ್ತೆಲ್ಲೂ ಇಲ್ಲಲ್ರಿ?" ಎಂದಳು ಮೈಮುನಾಬಿ.

ಇಲ್ಲ ಎನ್ನಲು ಬಾಯಿ ತೆರೆದವಳಿಗೆ ನೆನಪಾಯಿತು. ಜೂನ್ ತಿಂಗಳಲ್ಲಿ ಪ್ರಬಂಧ ಒಪ್ಪಿಸುವಾಗ, ಆಧಾರ ಎಲ್ಲಿ ಎಂದು ಅಮರಯ್ಯ ಸರ್ ಕೇಳಿದ್ದರು. ಅವಳು ಆ ದನಿಯನ್ನು ಅವರಿಗೆ ಕಳಿಸಿದ್ದಳು. ಮರೆತೇ ಹೋಗಿತ್ತು. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಯಾರಿಗೂ ಗೊತ್ತಾಗಂಗಿಲ್ಲ ಎಂಬ ಹಳೆಯ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತು. ಅದನ್ನು ನುಂಗಿದಳು.

"ಐತ್ರಿ. ನಮ್ಮ ಸರ್ ಹಂತ್ಯಾಕ ಒಂದು ಐತಿ."

ಮೈಮುನಾಬಿ ಗೋಡೆಗೆ ಒರಗಿ ಕೂತಳು. "ಎಂಥ ಮನುಷ್ಯಾರು ಅವರು?"

"ಬಾಳ ಚಲೋ ಮನುಷ್ಯಾರ್ರಿ. ಒಂದು ರೂಪಾಯಿ ಮುಟ್ಟೋರಲ್ಲ. ಜೀವ ಹೋದ್ರೂ ಸುಳ್ಳಾಡೋರಲ್ಲ." ಹೇಳುತ್ತ ಹೇಳುತ್ತ ಅಂಬಿಕಾಳಿಗೇ ಸ್ವಲ್ಪ ಧೈರ್ಯ ಬಂತು.

ಮೈಮುನಾಬಿಯ ಮುಖ ಮಾತ್ರ ಬಿಳಿಚಿಕೊಂಡಿತು. "ಇಮಾನ್‌ದಾರ್ ಮನುಷ್ಯಾ," ಎಂದಳು. "ಲಗೂನ ಫೋನ್ ಹಚ್ರಿ ಬೇಟಿ. ಅಂಥವರಿಗೆ ಯಾರರ ಕೇಳಿದ್ರ ಮುಚ್ಚಿಡಾಕ ಬರಂಗಿಲ್ಲ."

ಅಂಬಿಕಾ ಫೋನು ಹಚ್ಚಿದಳು. ಅಮರಯ್ಯನವರು ಬೇರೆ ಕರೆಯಲ್ಲಿದ್ದರು. ಮತ್ತೆ ಹಚ್ಚಿದಳು, ಅದೇ. ಮೂರನೇ ಸಲ ಹಚ್ಚುವ ಮೊದಲೇ ಅವರದೇ ಕರೆ ಬಂತು. ಮೈಮುನಾಬಿ ಸನ್ನೆ ಮಾಡಿದಳು, ಜೋರಾಗಿ ಕೇಳುವಂತೆ ಇಡು ಎಂದು.

"ಅಂಬಿಕಾ, ಹೆದರಬ್ಯಾಡಮ್ಮಾ," ಎಂದರು ಅಮರಯ್ಯ. ಬಹಳ ದಿನದ ಮೇಲೆ ಗೆದ್ದವರ ದನಿ. "ಆ ನಿಂಗರಾಜ ಈಗ ಒಂದು ಕಾಗದದ ಫೋಟೋ ಕಳಿಸಿದ್ದ. ನೀ ಎಲ್ಲಾ ಕಟ್ಟಿ ಬರದೀಯಂತ. ನನ್ನ ವಿದ್ಯಾರ್ಥಿ ಮ್ಯಾಲ ಇಂಥಾ ಮಾತು ಬಂದ್ರ ನಾ ಸುಮ್ಮನಿರ್ತೀನೇನು? ಆಧಾರ ಬೇಕೇನಪಾ, ತಗೋ ಅಂತ ಆ ಆಡಿಯೋ ಅವಗ ಕಳಿಸೀನಿ. ನಲವತ್ತೊಂದು ನಿಮಿಷ ಪೂರಾ. ಈಗ ಹೆಂಗ ಬಾಯಿ ಬಿಡ್ತಾನ ನೋಡೋಣು. ಹಲೋ? ಹಲೋ, ಅಂಬಿಕಾ?"

ಕರೆ ತಾನಾಗಿ ಮುಗಿಯಿತು. ಮಂಚದ ಮೇಲೆ ಜಂಗ್ಲಿಸಾಬ್ ಈ ಕಡೆ ಹೊರಳಲು ಹೋಗಿ ಆಗದೆ ಹಾಗೇ ಬಿದ್ದುಕೊಂಡ. ಅವನಿಗೆ ಎಲ್ಲ ಕೇಳಿಸಿತ್ತು.

ಮೊದಲು ಎದ್ದವಳು ಮೈಮುನಾಬಿ. ಸೊಂಟದಲ್ಲಿ ಸಿಕ್ಕಿಸಿದ ಬೀಗದ ಕೈ ಬಿಚ್ಚಿದಳು. "ಐದು ಹೊಡಿತು. ನೀರಿನ ಹೊತ್ತಾತು," ಎಂದಳು. ಹೊರಗೆ ನಳದ ಕಟ್ಟೆಯಲ್ಲಿ ಕೊಡಗಳ ಸದ್ದು ಹೆಚ್ಚಾಗಿತ್ತು. ಅಂಬಿಕಾ ಏನು ಮಾಡಬೇಕೆಂದು ತಿಳಿಯದೆ ಹಿಂದೆ ಹಿಂದೆ ಹೋದಳು. "ಚಾಚಿ, ನಡೀರಿ, ಈಗಿಂದೀಗ ನಮ್ಮನಿಗೆ ಹೋಗೋಣು," ಎಂದಳು. ಮಲಗಿದ ಗಂಡನನ್ನು ಹೊತ್ತೊಯ್ಯುವವರು ಯಾರು ಎಂದು ಕೇಳಿ ಮೈಮುನಾಬಿ ಮುಂದೆ ನಡೆದಳು.

ಪಂಪ್‌ಹೌಸಿನ ಬೀಗ ತೆಗೆದು, ದೀಪ ಹಾಕಿ, ಮೋಟರಿನ ಮೇಲೆ ಕೈ ಇಟ್ಟು ನಿಂತಳು.

"ಇದು ಇಲ್ಲೈತಿ. ನೋಡಿದ್ರಿಲ್ಲ?"

"ನೋಡೀನ್ರಿ."

"ನರಸಣ್ಣಗ ಮೋಟರು ನೋಡೀನಿ ಅನ್ನೋರು ಒಬ್ಬರೂ ಸಿಗಲಿಲ್ಲ. ನೀವು ಬರಕೋರಿ. ಇವತ್ತಿನ ತಾರೀಖು, ಹೊತ್ತು ಐದು, ಮೋಟರು ಜಾಗಾದಾಗ ಐತಿ. ಇದರ ನಂಬರು ಇಲ್ಲೈತಿ ನೋಡ್ರಿ, ಅದನ್ನೂ ಬರಕೋರಿ." ಗುಂಡಿ ಒತ್ತಿದಳು. ಮೋಟರು ಗುಡುಗಿತು. ಆ ಸದ್ದಿನ ಮೇಲೆ ಕೇಳುವಂತೆ ಕೂಗಿ ಹೇಳಿದಳು: "ಈ ಸಲ ನನ್ನ ಹೆಸರು ಹಾಕಿ ಬರಕೋರಿ. ಖರೇ ಹೆಸರು."

ಅಂಬಿಕಾ ಬ್ಯಾಗಿನಿಂದ ವಹಿ ತೆಗೆದಳು. ನಾಲ್ಕು ವರ್ಷ ಅದರಲ್ಲಿ ಬರೆದದ್ದೆಲ್ಲ ಹೆಸರಿಲ್ಲದ ಜನ. ತಾರೀಖು ಬರೆದಳು. ಹೊತ್ತು ಬರೆದಳು. ಮೋಟರಿನ ನಂಬರು ಬರೆದಳು. 'ಮೈಮುನಾಬಿ, ಗಂಡನ ಹೆಸರು ಜಂಗ್ಲಿಸಾಬ್, ಎಕ್ಕಿಹಾಳ' ಎಂದು ಬರೆದು, ಕೆಳಗೆ ನೋಡಿದವಳು ಎಂದು ತನ್ನ ಹೆಸರನ್ನೂ ಪೂರ್ತಿ ಬರೆದು ಸಹಿ ಹಾಕಿದಳು.

ಹೊರಗೆ ಗದ್ದೆಮ್ಮನ ಕೊಡಕ್ಕೆ ನೀರು ಬೀಳತೊಡಗಿತು. ಕಾಲುವೆಯ ಏರಿಯ ಮೇಲೆ, ಸಿಂಧನೂರಿನ ಕಡೆ ಹೋಗಿದ್ದ ಬಿಳಿ ಜೀಪು ತಿರುಗಿ ಬರುತ್ತಿತ್ತು.